ಆರನೆಯ ನಾಬಿನ ಕೆಲಸ

ಆ ಮನೆಯಲ್ಲಿ ಹೊಸ ಮಾಡ್ಯೂಲ್ ಹುಟ್ಟಿದರೆ ಅದರ ಮುಖದ ತಗಡಿಗೆ ಕೂಡಲೇ ಹೆಸರಿನ ಅಕ್ಷರ ಹಚ್ಚುವಂತಿರಲಿಲ್ಲ. ಮೊದಲು ಮನೆಮಂದಿಯೆಲ್ಲ ಸುತ್ತ ಕೂತು ಅದನ್ನು ಮನಸಾರೆ ಆಡಿಕೊಳ್ಳಬೇಕು, ಆಮೇಲೆ ಅಕ್ಷರ. ಇದು ಸೊಸೆ ಮಾಡಿದ ಕಟ್ಟಳೆ. ಆ ಮನೆಯಲ್ಲಿ ಸೊಸೆಯ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ, ಅವಳ ಗಂಡನಿಗಂತೂ ಮೊದಲೇ ಇರಲಿಲ್ಲ.

ಮಾಡ್ಯೂಲ್ ಎಂದರೆ ಏನು ಸ್ವಾಮಿ ಎಂದು ಕೇಳುವವರಿಗೆ ಯಜಮಾನರು ಒಂದು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದರು. ಒಂದು ಒಳ್ಳೆಯ ವಾದ್ಯವನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಪೆಟ್ಟಿಗೆ ಕಟ್ಟಿ, ನೀವೇ ವೈರು ಸಿಕ್ಕಿಸಿ ಮತ್ತೆ ಜೋಡಿಸಿಕೊಳ್ಳಿ ಎಂದು ಮಾರುವುದು, ಅಷ್ಟೇ ಎನ್ನುತ್ತಿದ್ದರು. ಒಂದು ಪೆಟ್ಟಿಗೆ ಸದ್ದು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಎಲ್ಲ ಕೂಡಿದರೆ ಸಿಂಥಸೈಜರ್. ಹೀಗೆ ಹಗುರವಾಗಿ ಮಾತಾಡಿದರೂ ಸೊಸೆಯ ಪೆಟ್ಟಿಗೆಗಳೆಂದರೆ ಅವರಿಗೆ ಒಳಗೊಳಗೇ ಹೆಮ್ಮೆ. ಮುಂದಿನ ಕೋಣೆಯನ್ನೇ ಕಾರ್ಖಾನೆ ಮಾಡಿಕೊಂಡು ಅವಳು ಸರ್ಕ್ಯೂಟ್ ಹೆಣೆಯುತ್ತಿದ್ದಳು, ಬೆಸುಗೆ ಹಾಕುತ್ತಿದ್ದಳು. ತಗಡು ಕೊರೆಯುವುದು, ಅಕ್ಷರ ಅಚ್ಚು ಹಾಕುವುದು, ಕೊಳ್ಳುವವರಿಗೆ ನಯವಾಗಿ ಉತ್ತರ ಬರೆಯುವುದು ಮಗನ ಪಾಲು. ಕಿಟಕಿ ಪಕ್ಕದ ಕುರ್ಚಿ ಯಜಮಾನರದು. ತಯಾರಾದ ಒಂದೊಂದು ಪೆಟ್ಟಿಗೆಯೂ ಅವರ ಕಿವಿ ದಾಟಿಯೇ ಬಾಗಿಲು ದಾಟಬೇಕು.

ಆ ಕಿವಿ ಸಾಮಾನ್ಯದ್ದಲ್ಲ. ವಯಸ್ಸೆಲ್ಲ ಪಿಯಾನೊ ಶ್ರುತಿ ಮಾಡುವುದರಲ್ಲೇ ಕಳೆದವರು ಅವರು. ಸಭಾಂಗಣದ ದೊಡ್ಡ ಪಿಯಾನೊ, ಶಾಲೆಯ ಮುರುಕು ಪಿಯಾನೊ, ಯಾರೂ ನುಡಿಸದೆ ಹೂದಾನಿ ಇಡಲೆಂದೇ ತಂದಿಟ್ಟ ಪಿಯಾನೊ, ಎಲ್ಲದರ ಹೊಟ್ಟೆಯೊಳಗೂ ತಲೆ ಹಾಕಿ ಬಂದವರು. ಕೆಲಸ ಬಿಟ್ಟ ಮೇಲೆ ಕೈ ಖಾಲಿಯಾಗಿ, ಎದ್ದರೆ ಕೂತರೆ ಹೆಂಡತಿಯ ಅಡುಗೆಮನೆಯಲ್ಲಿ ಮೂಗು ತೂರಿಸಿ, ಡಬ್ಬಿಗಳ ಜಾಗ ಬದಲಾಯಿಸಿ ಬೈಸಿಕೊಳ್ಳುತ್ತಿದ್ದರು. ಆಗ ಸೊಸೆಯೇ ಬಂದು, ಮಾವ, ನನಗೊಬ್ಬರು ಕಿವಿ ಇರೋರು ಬೇಕಾಗಿದ್ದಾರೆ ಎಂದು ಕರೆದು ಆ ಕುರ್ಚಿಯಲ್ಲಿ ಕೂರಿಸಿದ್ದಳು. ಅವರಿಗೆ ಮತ್ತೆ ಜೀವ ಬಂದಂತಾಗಿತ್ತು. ಕೇಳಿಸೋದು ನಿಂತ ದಿನ ಈ ಕುರ್ಚಿ ಬಿಟ್ಟು ಏಳ್ತೀನಿ ಎಂದು ಮೊದಲ ದಿನವೇ ಠೀವಿಯಿಂದ ಹೇಳಿದ್ದರು. ಆ ದಿನ ನಿಜವಾಗಿಯೂ ಬಂದೀತೆಂದು ಯಾರು ಎಣಿಸಿದ್ದರು!

ಈಚೆಗೆ ಅವರಿಗೆ ಒಂದು ಅನುಮಾನ ಹುಳದಂತೆ ಕೊರೆಯತೊಡಗಿತ್ತು. ಕೈಗಡಿಯಾರದ ಅಲಾರಂ ಕೂಗುವುದು ಒಂದೊಂದು ದಿನ ಅವರಿಗೆ ತಿಳಿಯುತ್ತಿರಲಿಲ್ಲ. ಸಣ್ಣ ಸದ್ದಿನ ಗಡಿಯಾರ, ಬ್ಯಾಟರಿ ಹೋಗಿರಬೇಕು ಎಂದುಕೊಂಡರು. ಬ್ಯಾಟರಿ ಹಾಕಿಸಿದರು. ಆಮೇಲೆ ಗಡಿಯಾರವೇ ಸರಿಯಿಲ್ಲ ಎಂದುಕೊಂಡರು. ಇನ್ನೂ ಮುಂದಕ್ಕೆ ಯೋಚಿಸಲು ಧೈರ್ಯ ಸಾಲದೆ ಅಲ್ಲಿಗೇ ನಿಲ್ಲಿಸಿದರು.

ಈ ಸಲದ ಮಾಡ್ಯೂಲಿಗೆ ಬೆರಳಲ್ಲಿ ಹಿಡಿದು ತಿರುಗಿಸುವ ಆರು ನಾಬು, ಒಂದು ಸ್ವಿಚ್ಚು, ಒಂದು ಪುಟ್ಟ ದೀಪ, ವೈರು ಸಿಕ್ಕಿಸುವ ಎರಡು ತೂತು. ಭಾನುವಾರ ಊಟ ಮುಗಿದು ಎಲ್ಲರೂ ಮುಂದಿನ ಕೋಣೆಗೆ ಬಂದರು. ಮೇಲಿನ ಮನೆಯ ವಕೀಲರೂ ಹಾಜರು. ಅವರನ್ನು ಕರೆದವರು ಯಾರೂ ಇಲ್ಲ, ಕರೆಯದಿದ್ದರೂ ಬರುವುದು ಅವರ ದೊಡ್ಡ ಗುಣ. ಆಟದ ನಿಯಮ ಸುಲಭ. ಒಬ್ಬೊಬ್ಬರಾಗಿ ನಾಬು ತಿರುಗಿಸಬೇಕು, ಸ್ಪೀಕರಿನಲ್ಲಿ ಬಂದದ್ದನ್ನು ಕೇಳಬೇಕು, ಇದು ಏನು ಕೆಲಸ ಮಾಡುತ್ತದೆಂದು ಬಾಯಿಗೆ ಬಂದದ್ದು ಹೇಳಬೇಕು. ಎಲ್ಲರ ಊಹೆಯೂ ತೀರ ದಾರಿ ತಪ್ಪಿದರೆ ಆ ನಾಬು ತಪ್ಪು ಜಾಗದಲ್ಲಿದೆ ಎಂದು ಲೆಕ್ಕ. ಊಹೆ ನಡೆಯುವಾಗ ಸೊಸೆ ಮಾತ್ರ ಕೋಣೆಯಲ್ಲಿ ಇರಬಾರದು, ಏಕೆಂದರೆ ಅವಳ ಮುಖ ಏನನ್ನೂ ಮುಚ್ಚಿಡಲಾರದು. ಹಾಗಾಗಿ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಹೋದಳು. ಬೆಳಗಿನಿಂದ ಮಾಡ್ಯೂಲನ್ನು ಬಿಚ್ಚಿಟ್ಟುಕೊಂಡು ಏನೋ ಮಾಡುತ್ತಿದ್ದವಳನ್ನು ಊಟಕ್ಕೆ ಎಬ್ಬಿಸಿದ್ದೇ ಅತ್ತೆ. ಅವಳು ಉಣ್ಣುತ್ತಿದ್ದಾಗ, ವಕೀಲರು ಆಗಲೇ ಮೆಟ್ಟಿಲಿಳಿಯುತ್ತಿದ್ದಾರೆಂದು ಮಗ ಅವಸರವಸರವಾಗಿ ತಗಡು ಕೂರಿಸಿ ಸ್ಕ್ರೂ ಬಿಗಿದು ಮೇಜಿನ ಮೇಲಿಟ್ಟಿದ್ದ.

ಯಜಮಾನರ ಹೆಂಡತಿಯದು ಮೊದಲ ಸರದಿ. ಆಕೆಗೆ ಸಂಗೀತದ ತಲೆಬುಡ ತಿಳಿಯದು, ಊಹೆಗೆ ಅದೇ ಅನುಕೂಲ ಎನ್ನುತ್ತಿದ್ದರು. ಮೊದಲ ನಾಬು ತಿರುಗಿಸಿದರೆ ಸದ್ದು ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಇದು ನಮ್ಮ ಯಜಮಾನರ ಗೊರಕೆ, ಈ ಕಡೆ ತಿರುಗಿಸಿದರೆ ಒಳಗೆ ಎಳೆಯುವುದು, ಆ ಕಡೆ ತಿರುಗಿಸಿದರೆ ಹೊರಗೆ ಬಿಡುವುದು, ನಾನು ಇಷ್ಟು ವರ್ಷ ಹುಡುಕಿದ್ದು ಇದನ್ನು ನಿಲ್ಲಿಸುವ ನಾಬನ್ನು ಎಂದರು. ನಟ್ಟನಡುವಿನ ದಪ್ಪ ನಾಬನ್ನು ಪೂರಾ ತಿರುಗಿಸಿದರೂ ಸದ್ದು ಕೂದಲೆಳೆಯಷ್ಟು ಮಾತ್ರ ಬದಲಾಯಿತು. ಆಕೆ ಯಾರನ್ನೂ ನೋಡದೆ, ಯಾವ ಮನೆಯಲ್ಲಾದರೂ ಎಲ್ಲರಿಗಿಂತ ದೊಡ್ಡದಾಗಿ ನಡುವೆ ಕೂತಿರುವುದು ಎಲ್ಲರಿಗಿಂತ ಕಡಿಮೆ ಕೆಲಸ ಮಾಡುತ್ತದೆ ಎಂದುಬಿಟ್ಟರು. ಯಜಮಾನರು ಕುರ್ಚಿಯಲ್ಲಿ ಸ್ವಲ್ಪ ಬದಿಗೆ ಸರಿದು ಕೂತರು.

ಸ್ವಿಚ್ಚು ವಕೀಲರ ಪಾಲಿಗೆ ಬಂತು. ಅದು ಮೇಲೆ, ಕೆಳಗೆ, ನಡುವೆ, ಹೀಗೆ ಮೂರು ಕಡೆ ನಿಲ್ಲುತ್ತಿತ್ತು. ಮೇಲಕ್ಕಿಟ್ಟರೆ ಒಂದು ಬಗೆಯ ಸದ್ದು, ಕೆಳಕ್ಕಿಟ್ಟರೆ ಇನ್ನೊಂದು, ನಡುವೆ ಇಟ್ಟರೆ ಮೌನ. ವಕೀಲರು ಗಂಟಲು ಸರಿಮಾಡಿಕೊಂಡು, ಮೇಲಿನದು ವಾದಿ, ಕೆಳಗಿನದು ಪ್ರತಿವಾದಿ, ನಡುವಿನದು ಮುಂದಿನ ವಾಯಿದೆ ಎಂದು ತೀರ್ಪು ಕೊಟ್ಟರು. ಹಾಗಾದರೆ ಇದನ್ನು ಜೀವಮಾನವಿಡೀ ನಡುವೆಯೇ ಇಡಬೇಕಾಗುತ್ತದೆ ಎಂದು ಯಜಮಾನರು ಕಾಲೆಳೆದರು. ಎರಡು ತೂತುಗಳ ವಿಷಯ ಬಂದಾಗ ಯಜಮಾನರ ಹೆಂಡತಿ ಮತ್ತೆ ಬಾಯಿ ಹಾಕಿದರು. ನಾನು ಹೇಳಿದ್ದು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು, ಗಂಡಸರ ಕಿವಿ ನೋಡಿಯೇ ಸೊಸೆ ಇದನ್ನು ಮಾಡಿರಬೇಕು ಎಂದಾಗ ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರೂ ನಕ್ಕರು. ಆದರೆ ಕಿವಿ ಎಂಬ ಮಾತು ಕಿವಿಗೆ ಬಿದ್ದರೆ ಈಚೆಗೆ ಅವರ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಮಗನಿಗೆ ಸಿಕ್ಕಿದ್ದು ಮೂಲೆಯ ನಾಬು. ಅದನ್ನು ಮುಟ್ಟಿದ ಕೂಡಲೇ ಸ್ಪೀಕರಿನ ಗಲಾಟೆಯೆಲ್ಲ ತಟ್ಟನೆ ಅಡಗಿತು. ಇದು ಅಮ್ಮ ಕೋಣೆಯೊಳಗೆ ಬಂದಾಗ ಆಗುವುದು ಎಂದು ಮಗ ಹೇಳಿದ. ಪುಟ್ಟ ದೀಪ ತುಂಬ ತಡವಾಗಿ ಮಿಣುಕಿದಾಗ ಅಮ್ಮ ಸೇಡು ತೀರಿಸಿಕೊಂಡರು. ಇದು ವಿಷಯ ಅರ್ಥವಾದಾಗ ಹತ್ತಿಕೊಳ್ಳುವ ದೀಪ, ನಿನ್ನ ತಲೆ ಮೇಲೆ ಇರಬೇಕಾದದ್ದು ತಪ್ಪಿ ಇಲ್ಲಿಗೆ ಬಂದಿದೆ ಎಂದರು. ಉಳಿದ ಎರಡು ನಾಬುಗಳಿಗೂ ಇಂಥದೇ ಗತಿಯಾಯಿತು. ಯಜಮಾನರ ಸರದಿ ಯಾವಾಗಲೂ ಕೊನೆಗೆ. ಎಲ್ಲರೂ ಹೇಳಿದ್ದನ್ನು ಆಡಿಕೊಂಡು, ಆಮೇಲೆ ನಿಜವಾದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದು ಅವರ ಪದ್ಧತಿ. ಒಮ್ಮೆಯೂ ತಪ್ಪಿರಲಿಲ್ಲ. ಅವತ್ತೂ ಐದು ನಾಬಿನ ತನಕ ಸಲೀಸಾಗಿ ಹೇಳಿದರು, ಮಗ ಹಿತ್ತಲ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕೇಳಿ ಬಂದು ಎಲ್ಲ ಸರಿ ಎಂದ.

ಉಳಿದದ್ದು ಆರನೆಯದು. ಕೆಂಪು ಟೋಪಿಯ ಸಣ್ಣ ನಾಬು. ಅದಕ್ಕೆ ಮೊದಲು ಕೈ ಹಾಕಿದ್ದು ವಕೀಲರು. ತಿರುಗಿಸಿದರು, ತಲೆ ಓರೆ ಮಾಡಿದರು, ಕಣ್ಣು ಮುಚ್ಚಿದರು. ಆಹಾ, ಕೋಣೆಗೆ ಬಿಸಿಲು ಬಂದ ಹಾಗಾಯಿತು ಎಂದರು. ಯಜಮಾನರು ಮುಂದಕ್ಕೆ ಬಾಗಿದರು. ಅವರಿಗೆ ಯಾವ ಬಿಸಿಲೂ ಬಂದಿರಲಿಲ್ಲ. ಮಗ ತಿರುಗಿಸಿ, ಹೌದು ಹೌದು, ಸದ್ದು ಒಂಥರಾ ದಪ್ಪಗಾಗುತ್ತೆ, ಅಂಚಿನಲ್ಲಿ ಮಿಂಚುತ್ತೆ ಎಂದ. ಹೆಂಡತಿ ತಿರುಗಿಸಿ, ಹೂಂ, ಸ್ವಲ್ಪ ಸಿಹಿ ಎಂದರು.

ಯಜಮಾನರು ಮೂವರ ಮುಖವನ್ನೂ ನೋಡಿದರು. ಮೂವರಿಗೆ ಕೇಳಿಸಿದ್ದು ತಮಗೆ ಇಲ್ಲ! ಸಂಗೀತವೆಂದರೆ ಆಕಳಿಸುವ ಹೆಂಡತಿಗೂ ಕೇಳಿಸಿದೆ, ಹೊರಗೆ ಡೋಲು ಬಾರಿಸಿದರೂ ಏಳದ ವಕೀಲರಿಗೂ ಕೇಳಿಸಿದೆ. ತಾವೇ ನಾಬು ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರು. ಸದ್ದು ಇದ್ದ ಹಾಗೇ ಇತ್ತು. ಮತ್ತೊಮ್ಮೆ ತಿರುಗಿಸಿದರು. ಇದು ಏನೂ ಮಾಡುವುದಿಲ್ಲ, ನಮ್ಮ ಮಗ ತಪ್ಪಿ ಕೊರೆದ ತೂತು ಮುಚ್ಚಲಿಕ್ಕೆ ಸೊಸೆ ಇಟ್ಟಿರೋ ಬಿರಡೆ ಎಂದು ನಗೆಯಾಡಿ ನೋಡಿದರು. ಎಲ್ಲರೂ ನಕ್ಕರು, ನಕ್ಕು ಮುಗಿಸಿ, ಸರಿ, ಈಗ ನಿಜ ಹೇಳಿ ಎಂದು ಕಾದು ಕೂತರು.

ನಿಜ ಹೇಳದೆ ಪಾರಾಗುವುದು ಎಷ್ಟು ಸುಲಭವಿತ್ತು ನೋಡಿ. ಮಗ ಮಿಂಚು ಎಂದಿದ್ದಾನೆ, ವಕೀಲರು ಬಿಸಿಲು ಎಂದಿದ್ದಾರೆ, ಎರಡನ್ನೂ ಸೇರಿಸಿ ಒಂದು ಮಾತು ಹೊಸೆದರೆ ಸಾಕು. ಕುರ್ಚಿಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಆದರೆ ನಾಳೆ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು, ಕೇಳಿಸದ ನಾಬನ್ನು ಸರಿಯಿದೆ ಎಂದು ಒಪ್ಪಿ ಕಳಿಸಬೇಕು. ನಾಡಿದ್ದು ಅದು ಎಲ್ಲೋ ಒಬ್ಬರ ಮನೆಯಲ್ಲಿ ಕೈಕೊಟ್ಟರೆ ಬೈಗುಳ ತಿನ್ನುವವಳು ಸೊಸೆ. ಯಜಮಾನರು ಜಂಬದ ಮನುಷ್ಯರೇ ಸರಿ, ಸುಳ್ಳು ಹೇಳಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಸೊಸೆಯನ್ನು ಕರೆ ಎಂದು ಮಗನಿಗೆ ಹೇಳಿದರು.

ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಯಜಮಾನರು ಅವಳ ಮುಖ ನೋಡಲಾರದೆ ಮೇಜನ್ನೇ ನೋಡುತ್ತ ಮಾತಾಡಿದರು.

"ನೋಡಮ್ಮ, ಈ ಆರನೇದು ನನಗೆ ಏನೂ ಕೇಳಿಸ್ತಿಲ್ಲ. ಎಲ್ಲರಿಗೂ ಕೇಳಿಸಿದೆ, ನನಗೊಬ್ಬನಿಗೇ ಇಲ್ಲ. ನನ್ನ ಕಿವಿ ಹೋಗಿದೆ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೋ."

ಸೊಸೆ ನಾಬು ತಿರುಗಿಸಿದಳು. ಹುಬ್ಬು ಗಂಟಿಕ್ಕಿದಳು. ಸ್ಕ್ರೂ ಬಿಚ್ಚಿ ತಗಡನ್ನು ಮೇಲೆತ್ತಿ ಒಳಗೆ ಇಣುಕಿದವಳು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದಳು. ಬೆಳಿಗ್ಗೆ ಆ ನಾಬಿನ ವೈರನ್ನು ಬದಲಾಯಿಸಲೆಂದು ಅವಳೇ ಕಿತ್ತಿದ್ದಳಂತೆ, ಬೆಸುಗೆ ಹಾಕುವಷ್ಟರಲ್ಲಿ ಅತ್ತೆ ಊಟಕ್ಕೆ ಕರೆದಿದ್ದರಂತೆ. ಗಂಡ ನೋಡದೆ ಮುಚ್ಚಿ ಸ್ಕ್ರೂ ಬಿಗಿದಿದ್ದಾನೆ. ವೈರು ಗಾಳಿಯಲ್ಲಿ ನೇತಾಡುತ್ತಿತ್ತು.

ಆಮೇಲೆ ನಡೆದದ್ದನ್ನು ಕೇಳಬೇಡಿ. ಬಿಸಿಲು ಎಲ್ಲಿಂದ ಬಂತು ಸ್ವಾಮಿ ಎಂದು ಯಜಮಾನರು ವಕೀಲರನ್ನು ಹಿಡಿದುಕೊಂಡರು. ವಕೀಲರು ಇಂಥ ಕೇಸನ್ನು ಎಂದೂ ನಡೆಸಿದವರಲ್ಲ, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ತಮಗೆ ಕೇಳಿಸಲಿಲ್ಲ ಎಂದರೆ ನಾಲ್ಕು ಜನ ಏನಂದುಕೊಂಡಾರು ಎಂದು ಹಾಗಂದದ್ದು ಎಂದು ಕೊನೆಗೆ ಒಪ್ಪಿಕೊಂಡರು. ಕಟ್ಟಿಕೊಂಡ ಹೆಂಡತಿ ಮಾಡಿದ ನಾಬು ಕೇಳಿಸಲಿಲ್ಲ ಎಂದು ಹೇಳಿ ಈ ಮನೆಯಲ್ಲಿ ಬದುಕುವುದುಂಟೇ ಎಂದು ಮಗ ಗೊಣಗಿದ. ಯಜಮಾನರ ಹೆಂಡತಿ ಮಾತ್ರ ಸೋಲು ಒಪ್ಪಲಿಲ್ಲ. ನನಗೆ ಊಟದ ಮೇಲೆ ಎಲ್ಲವೂ ಸಿಹಿಯೇ ಎಂದು ಸಮಜಾಯಿಷಿ ಕೊಟ್ಟರು. ಯಜಮಾನರು ಕುರ್ಚಿಗೆ ಒರಗಿ ಕಾಲಮೇಲೆ ಕಾಲು ಹಾಕಿದರು. ಹೋದ ಉಸಿರು ತಿರುಗಿ ಬಂದಿತ್ತು. ಮೂರು ಜನ ಇಲ್ಲದ್ದನ್ನು ಕೇಳಿಸಿಕೊಂಡಲ್ಲಿ ಇದ್ದುದನ್ನು ಇದ್ದ ಹಾಗೆ ಕೇಳಿಸಿಕೊಂಡ ಕಿವಿ ತಮ್ಮದೊಂದೇ ಎಂಬ ಖುಷಿ ಮುಖದ ತುಂಬ ಹರಡಿಕೊಂಡಿತ್ತು.

ಸೊಸೆ ಅಲ್ಲೇ ಕೂತು ಬೆಸುಗೆ ಹಾಕಿದಳು. ಸಣ್ಣಗೆ ಹೊಗೆ ಎದ್ದು ಕಿಟಕಿಯಿಂದಾಚೆ ಹೋಯಿತು. ತಗಡು ಕೂರಿಸಿ, ಈಗ ಕೇಳಿ ಎಂದು ಕೆಂಪು ನಾಬನ್ನು ಬಲಕ್ಕೆ ತಿರುಗಿಸುತ್ತ ಹೋದಳು.

ಈ ಸಲ ಯಾರೂ ಬಾಯಿ ಬಿಡಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದರಲ್ಲ, ಬಾಯಿಗೆ ಬೀಗ ಹಾಕಿಕೊಂಡಿದ್ದರು. ಯಜಮಾನರೇ ಮೊದಲು ಹೇಳಲಿ ಎಂದು ವಕೀಲರು ಜಾಣತನದಿಂದ ದಾರಿ ಬಿಟ್ಟುಕೊಟ್ಟರು. ಯಜಮಾನರು ಕಿವಿಗೊಟ್ಟು ಕೂತರು. ನಾಬು ಕಾಲು ಸುತ್ತು ಹೋಯಿತು, ಅರ್ಧ ಸುತ್ತು ಹೋಯಿತು, ಪೂರ್ತಿ ಹೋಗಿ ನಿಂತಿತು. ಅವರಿಗೆ ಕೇಳಿಸಿದ್ದು ಮೊದಲಿನ ಅದೇ ಸದ್ದು. ತಲೆ ಎತ್ತಿ ನೋಡಿದರೆ ವಕೀಲರ ಹುಬ್ಬು ತಾನಾಗಿಯೇ ಮೇಲೇರಿತ್ತು. ಮಗನ ಬಾಯಿ ಸ್ವಲ್ಪ ತೆರೆದಿತ್ತು. ಹೆಂಡತಿ ಕಿವಿಯ ಓಲೆಯನ್ನು ಬೆರಳಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಈ ಸಲ ಯಾರೂ ನಟಿಸುತ್ತಿರಲಿಲ್ಲ.

ಈಗಲಂತೂ ಅವರನ್ನು ಅನುಮಾನಿಸುವವರೇ ಇರಲಿಲ್ಲ. ಹಾಂ, ಬಂತು ಎಂದರೆ ಮುಗಿಯಿತು. ಯಜಮಾನರು ಕಾಲಮೇಲಿನ ಕಾಲನ್ನು ಕೆಳಗಿಳಿಸಿದರು. ಅಷ್ಟು ಹೊತ್ತಿನ ಖುಷಿಯೆಲ್ಲ ಕರಗಿಹೋಗಿತ್ತು.

"ಈಗಲೂ ಇಲ್ಲ," ಎಂದರು.

ಮೊದಲು ನಕ್ಕವರು ವಕೀಲರು. ಒಂದೇ ತಮಾಷೆಯನ್ನು ಎಷ್ಟು ಸಲ ಮಾಡುತ್ತೀರಿ, ನಮ್ಮನ್ನು ಇನ್ನೂ ಬಿಡುವುದಿಲ್ಲವೇ ಎಂದರು. ಮಗನೂ ನಕ್ಕ. ಜೀವಮಾನವಿಡೀ ಎಲ್ಲರನ್ನೂ ಆಡಿಕೊಂಡು ಬಂದವರು ಒಂದು ದಿನ ನಿಜ ಹೇಳಿದರೆ ನಂಬುವವರು ಯಾರು? ಆಗ ಹೆಂಡತಿ ಓಲೆ ಬಿಟ್ಟು ಎದ್ದು ಯಜಮಾನರ ಕುರ್ಚಿಯ ಹತ್ತಿರ ಬಂದು ನಿಂತರು.

"ನಗಬೇಡಿ. ತಮಾಷೆ ಅಲ್ಲ ಇದು. ಬೆಳಿಗ್ಗೆ ಅಲಾರಂ ಕೂಗಿದ್ರೆ ಎಷ್ಟು ದಿನದಿಂದ ನಾನೇ ಆರಿಸ್ತಿದ್ದೀನಿ. ಇವರಿಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಯಜಮಾನರು ಹೆಂಡತಿಯ ಕಡೆ ತಿರುಗಿದರು. ದಿನಕ್ಕೆ ನೂರು ಸಲ ಅವರನ್ನು ಚುಚ್ಚುವ ಆ ಬಾಯಿ ಇದೊಂದನ್ನು ಒಳಗೇ ಇಟ್ಟುಕೊಂಡಿತ್ತು. ಅವರ ಕಣ್ಣು ತುಂಬಿತು. ಎಲ್ಲರೂ ಅದನ್ನು ನೋಡದವರ ಹಾಗೆ ನಟಿಸಿದರು.

ಸೊಸೆ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಅದಕ್ಕೆ ವೈರು ಸಿಕ್ಕಿಸಿದಳು. ಒಂದೇ ಎಳೆ ಸದ್ದನ್ನು ತೀರ ಎತ್ತರದ ಶ್ರುತಿಯಿಂದ ಕೆಳಕ್ಕೆ ನಿಧಾನವಾಗಿ ಇಳಿಸುತ್ತ ಬರುತ್ತೇನೆ, ಕೇಳಿಸಿದ ಕೂಡಲೇ ಹೇಳಬೇಕು ಎಂದಳು. ಅವಳು ಇಳಿಸಿದಳು. ಮಗ ಮುಖ ಕಿವುಚಿದ, ಹೆಂಡತಿ ಕಿವಿ ಮುಚ್ಚಿಕೊಂಡರು, ಯಜಮಾನರು ಕಲ್ಲಿನಂತೆ ಕೂತಿದ್ದರು. ಇನ್ನೂ ಇಳಿಸಿದಳು. ಈಗ ಎಂದರು ಯಜಮಾನರು. ಸೊಸೆ ನಾಬು ನಿಂತ ಜಾಗದಲ್ಲಿ ತಗಡಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಮತ್ತೆ ಮೇಲಕ್ಕೆ ಒಯ್ದು ಮತ್ತೆ ಇಳಿಸಿದಳು. ಅದೇ ಗೆರೆಯ ಹತ್ತಿರ ಬಂದಾಗ ಅವರು ಮತ್ತೆ ಈಗ ಎಂದರು. ಮೂರನೆಯ ಸಲವೂ ಅಲ್ಲೇ.

"ಈ ಗೆರೆಯಿಂದ ಕೆಳಗಿಂದೆಲ್ಲ ನಿಮ್ಮದು ಮಾವ. ಆರನೇ ನಾಬೂ ಸೇರಿ ಮೇಲಿಂದು ನಾನು ನೋಡ್ಕೋತೀನಿ."

ಅದಾಗುವುದಿಲ್ಲ ಎಂದು ಯಜಮಾನರು ಹಠ ಹಿಡಿದರು. ಅರ್ಧ ಕಿವಿಯವನು ಪೂರಾ ಕುರ್ಚಿ ಹಿಡಿದು ಕೂರುವುದು ಸರಿಯಲ್ಲ, ಮೊದಲ ದಿನವೇ ಮಾತು ಕೊಟ್ಟಿದ್ದೇನೆ, ಹೆಚ್ಚು ಹೇಳಬೇಡ ಎಂದು ಎದ್ದೇಬಿಟ್ಟರು. ಸೊಸೆಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಆ ಇಳಿದ ದನಿ ಯಜಮಾನರಿಗೆ ಸ್ಪಷ್ಟವಾಗಿಯೇ ಕೇಳಿಸಿತು.

"ಸರಿ, ಬಿಡಿ. ನಾಳೆ ಅಲ್ಲಿ ಯಾರನ್ನ ಕೂರಿಸಲಿ ಅಂತ ನೀವೇ ಹೇಳಿ. ಕಿತ್ತಿಟ್ಟ ವೈರನ್ನ ಕೇಳಿಸಿಕೊಂಡ ಈ ಮೂವರಲ್ಲಿ ಯಾರನ್ನ? ಕೇಳಿಸದೇ ಇದ್ದಾಗ ಕೇಳಿಸಲಿಲ್ಲ ಅಂತ ಎರಡು ಸಲ ಹೇಳಿದೋರು ನೀವೊಬ್ಬರೇ. ನನಗೆ ಅಂಥೋರೇ ಬೇಕು."

ವಕೀಲರು ನೆಲ ನೋಡಿದರು. ಮಗ ಸ್ಕ್ರೂ ಡ್ರೈವರನ್ನು ಡಬ್ಬಿಯೊಳಗೆ ಇಟ್ಟು ಮತ್ತೆ ತೆಗೆದ. ಯಜಮಾನರು ಮಂಡಿ ನೋವೆಂದು ನೆಪ ಹೇಳಿ ಕುರ್ಚಿಯಲ್ಲಿ ಕೂತರು. ಆಮೇಲೆ ಅಕ್ಷರದ ವಿಷಯ ಬಂತು. ಐದು ನಾಬಿಗೆ ಏನು ಬರೆಯಬೇಕೆಂದು ಗೊತ್ತಿದೆ, ಆರನೆಯದಕ್ಕೆ ಏನು ಬರೆಯಲಿ ಎಂದು ಮಗ ಕೇಳಿದ. ಹೆಸರು ಇಡುವುದು ಮಾವನದೇ ಕೆಲಸ ಎಂದಳು ಸೊಸೆ.

ಕೇಳಿಸದ್ದಕ್ಕೆ ಹೆಸರು ಇಡುವುದು ಹೇಗೆ? ಯಜಮಾನರು ಹೆಂಡತಿಯ ಸೆರಗು ಹಿಡಿದು ಹತ್ತಿರ ಎಳೆದರು. "ಲೇ, ಅದು ಹೇಗಿದೆ ಹೇಳು. ತಮಾಷೆ ಬೇಡ. ಇದ್ದ ಹಾಗೆ ಹೇಳು."

ಆಕೆ ಒಡನೆ ಏನೋ ಹೇಳಹೊರಟರು. ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಮಾತು ಈ ಸಲ ಅಲ್ಲಿರಲಿಲ್ಲ. ಬಾಯಿ ಮುಚ್ಚಿಕೊಂಡರು. "ಇರಿ, ನಾನು ಸರಿಯಾಗಿ ಕೇಳೇ ಇಲ್ಲ," ಎಂದು ಒಪ್ಪಿಕೊಂಡು ಸ್ಟೂಲನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು, ಎಲ್ಲರೂ ಸುಮ್ಮನಿರಬೇಕೆಂದು ಕೈಯೆತ್ತಿ ಸನ್ನೆ ಮಾಡಿದರು. ಸೊಸೆ ಕೆಂಪು ನಾಬನ್ನು ಮೊದಲಿನಿಂದ ತಿರುಗಿಸತೊಡಗಿದಳು. ಆಕೆ ಕಣ್ಣು ಮುಚ್ಚಿ ಕೇಳುತ್ತ ಕೂತರು, ಯಜಮಾನರು ಆಕೆಯ ಮುಖವನ್ನೇ ನೋಡುತ್ತ ಕೂತರು.